ಒಡೆದ ಮೊಗೆಕಾಯಿಯ ಬೀಜ

ಬೀಜ ಕೇಳಲು ಹೋದಾಗ ಯಾರಾದರೂ ನಗುತ್ತಾ ಎದ್ದು ಒಳಗೆ ಹೋದರೆ ನನಗೆ ಇಂದಿಗೂ ಅನುಮಾನ ಬರುತ್ತದೆ. ಒಳ್ಳೆಯ ಬೀಜ ಕೊಡುವವರು ಮೊದಲು ಮುಖ ಸಣ್ಣ ಮಾಡುತ್ತಾರೆ. ಇಲ್ಲ ಅನ್ನುತ್ತಾರೆ. ಇದ್ದರೂ ನಮಗೇ ಸಾಲದು ಅನ್ನುತ್ತಾರೆ. ಆಮೇಲೆ ಕೊಡುತ್ತಾರೆ. ಕೇಳಿದ ಕೂಡಲೇ ಬೊಗಸೆ ತುಂಬಿ ಕೊಟ್ಟರೆ ಅದು ಅವರಿಗೆ ಬೇಡವಾದ ಬೀಜ ಎಂದೇ ನನ್ನ ಲೆಕ್ಕ. ಇದನ್ನು ನಾನು ಮಂಕಿಯಲ್ಲಿ ಕಲಿತೆ, ಒಂದು ಇಡೀ ಮಳೆಗಾಲದ ತರಕಾರಿ ಕಳೆದುಕೊಂಡು ಕಲಿತೆ.

ನನ್ನ ತವರು ಸಂತೆಗುಳಿ, ಕುಮಟೆಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಅಲ್ಲಿ ಬೀಜವನ್ನು ಒಣಗಿದ ಸೋರೆಬುರುಡೆಯಲ್ಲಿ ತುಂಬಿ ಬಾಯಿ ಮುಚ್ಚಿ ನೇತುಹಾಕುತ್ತಿದ್ದೆವು. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನನ್ನನ್ನು ಮಂಕಿಗೆ ಕೊಟ್ಟರು. ಹೊನ್ನಾವರದಲ್ಲಿ ಹೊಳೆ ದಾಟಿ ಬಂದ ಮೇಲೆ ನೋಡಿದರೆ ಇಲ್ಲಿ ಬೀಜವನ್ನು ಗೋಡೆಗೆ ಬಡಿಯುತ್ತಾರೆ. ಬಲಿತ ಕಾಯಿಯ ಬೀಜವನ್ನು ತೊಳೆದು, ಬೂದಿ ಮತ್ತು ಸಗಣಿಯಲ್ಲಿ ಕಲಸಿ, ಸಣ್ಣ ರೊಟ್ಟಿಯಂತೆ ತಟ್ಟಿ ಅಡುಗೆಮನೆಯ ಗೋಡೆಗೆ ಬಡಿದರೆ ಒಲೆಯ ಹೊಗೆಗೆ ಒಣಗಿ ಅಲ್ಲೇ ಕೂರುತ್ತದೆ. ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಅದಕ್ಕೆ ಬಿಲ್ಲೆ ಎನ್ನುತ್ತಿದ್ದೆವು. ಒಬ್ಬರಿಗೊಬ್ಬರು ಬೀಜ ಕೊಡುವುದೂ ಬಿಲ್ಲೆಯಾಗಿಯೇ, ಗೋಡೆಯಿಂದ ಕಿತ್ತು. ಒಳಗೆ ಎಂಥ ಬೀಜ ಇದೆ ಎಂದು ಪಡೆದವರಿಗೆ ಕಾಣುವುದಿಲ್ಲ. ಕೊಟ್ಟವರ ಮುಖ ನೋಡಿಯೇ ತಿಳಿದುಕೊಳ್ಳಬೇಕು.

ನನ್ನ ಅತ್ತೆ ಬಿಲ್ಲೆ ತಟ್ಟಿದ ಮೇಲೆ ನಡುವೆ ಒಮ್ಮೆ ಹೆಬ್ಬೆರಳು ಒತ್ತುತ್ತಿದ್ದಳು. ಹಿಂದೆ ಕತ್ತಿ ತಾಗಿ ಆ ಬೆರಳು ಸೊಟ್ಟಗಾಗಿತ್ತು. ಹಾಗಾಗಿ ಅವಳ ಬಿಲ್ಲೆ ಎಲ್ಲಿದ್ದರೂ ಗುರುತು ಸಿಗುತ್ತಿತ್ತು. ಯಾಕೆ ಒತ್ತುತ್ತೀರಿ ಎಂದು ಕೇಳಿದ್ದೆ. "ನಮ್ದು ಅಂತ ಗೊತ್ತಾಗೂಕೆ. ನಾಳೆ ಯಾರಾದ್ರೂ ತಮ್ದು ಅಂದ್ರೆ?" ಎಂದಳು. ಗೋಡೆಯ ಮೇಲಿನ ಸಗಣಿಯನ್ನೂ ಯಾರೋ ತಮ್ಮದೆನ್ನುತ್ತಾರೆ ಎಂದು ಹೆದರುವ ಹೆಂಗಸು ಅವಳು.

ಮೊಗೆಕಾಯಿಯ, ಅಂದರೆ ಸಾಂಬಾರ್ ಸೌತೆಯ, ವಿಷಯ ಹೇಳದಿದ್ದರೆ ಈ ಕತೆ ಯಾಕೆ ಎಂದು ತಿಳಿಯಲಿಕ್ಕಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಚಳಿಗೆ ಬಿತ್ತಿ, ಮೂಲೆಯಲ್ಲಿ ಹೊಂಡ ತೋಡಿ, ಕೊಡದಲ್ಲಿ ನೀರು ಹೊತ್ತು ಹಾಕಿದರೆ ಬೇಸಿಗೆ ಹೊತ್ತಿಗೆ ಕಾಯಿ ಬಲಿಯುತ್ತದೆ. ಅದನ್ನು ಬಾಳೆನಾರಿನ ಕುಣಿಕೆಯಲ್ಲಿ ಕೂರಿಸಿ ಅಟ್ಟದ ಜಂತಿಗೆ ತೂಗುಹಾಕಿದರೆ ಚೌತಿ ಹಬ್ಬದವರೆಗೆ ಕೆಡದೆ ನಿಲ್ಲಬೇಕು. ಮಳೆಗಾಲದಲ್ಲಿ ಗದ್ದೆಯಲ್ಲಿ ಮೊಣಕಾಲು ನೀರು, ಸಂತೆಗೆ ಹೋಗುವ ದಾರಿ ಕೆಸರು, ಹಿತ್ತಿಲಲ್ಲಿ ಕೆಸುವಿನ ಎಲೆ ಬಿಟ್ಟರೆ ಬೇರೆ ಇಲ್ಲ. ತಲೆಯ ಮೇಲೆ ಮೊಗೆಕಾಯಿ ತೂಗುತ್ತಿದ್ದರೆ ಆ ಮನೆಯ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಲ್ಲಬಹುದು. ಇಲ್ಲದಿದ್ದರೆ ದಿನಾ ಬೆಳಗಾದರೆ ಏನು ಬೇಯಿಸಲಿ ಎಂಬುದೇ ಚಿಂತೆ. ನಮ್ಮ ಮನೆಯ ತಳಿ ಹಾಗೆ ನಿಲ್ಲುವಂಥದ್ದು. ಸಿಪ್ಪೆಯ ಮೇಲೆ ಹಸಿರು ಗೆರೆ, ಬೆರಳಲ್ಲಿ ಬಡಿದರೆ ಗಟ್ಟಿ ಸದ್ದು. ಊರಲ್ಲಿ ಅದಕ್ಕೆ ಹೆಸರಿತ್ತು.

ಆ ಬಳ್ಳಿಗೆ ಒಂದು ದಾಯಾದಿ ಇದೆ, ಇಬ್ಬುಡ್ಲ ಹಣ್ಣು. ಕೊಂಕಣಿಯವರು ಚಿಬ್ಬಡ ಎನ್ನುತ್ತಾರೆ, ಬೆಲ್ಲ ಹಾಕಿ ತಿನ್ನುವುದು. ಎಲೆ ಒಂದೇ ಥರ, ಹೂ ಒಂದೇ ಥರ, ಬೀಜ ಒಂದೇ ಥರ. ಇಬ್ಬುಡ್ಲ ಹಣ್ಣಾದರೆ ತಾನಾಗಿ ಬಾಯಿ ಬಿಟ್ಟು ಒಡೆಯುತ್ತದೆ. ಎರಡನ್ನೂ ಹತ್ತಿರ ಹತ್ತಿರ ಬೆಳೆದರೆ ಮುಂದಿನ ವರ್ಷ ಮೊಗೆಕಾಯಿಯೂ ಅದರ ಬುದ್ಧಿ ಕಲಿಯುತ್ತದೆ: ನೋಡಲು ಮೊಗೆಕಾಯಿ, ಒಳಗೆ ಮೆತ್ತಗೆ, ಅಟ್ಟಕ್ಕೇರಿಸುವ ಮೊದಲೇ ಒಡೆಯುವುದು. ಗದ್ದೆಯಲ್ಲಿ ಅಂಥ ಕಾಯಿ ಒಂದು ಕಂಡರೂ ಎಮ್ಮೆಗೆ ಹಾಕುತ್ತಿದ್ದರು. ಅದರ ಬೀಜ ಇಡುವ ಪದ್ಧತಿ ಇರಲಿಲ್ಲ.

ನಮ್ಮ ಗದ್ದೆಯ ಕೆಳಗೆ ಒಂದು ಮನೆ. ಆ ಮನೆಯ ಹೆಂಗಸು ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ದಪ್ಪ ಸ್ವರ, ಸಣ್ಣ ಕಣ್ಣು, ಕೆಲಸದಲ್ಲಿ ಗಟ್ಟಿಗಿತ್ತಿ. ಅವಳಿಗೂ ಅತ್ತೆಗೂ ಬಹಳ ವರ್ಷದಿಂದ ಬೀಜದ ಕೊಡುಕೊಳ್ಳುವಿಕೆ. ಸಾಂಬ್ರಾಣಿ ಸೊಪ್ಪಿನ ಗೆಲ್ಲು, ಕಾಮಕಸ್ತೂರಿ, ಒಂದೆಲಗದ ಬಳ್ಳಿ, ಬೆಂಡೆ, ಹೀರೆ ಎಲ್ಲ ಆಚೆಯಿಂದ ಈಚೆ, ಈಚೆಯಿಂದ ಆಚೆ ಹೋಗುತ್ತಿದ್ದವು. ಸ್ನೇಹ ಎಂದು ತಿಳಿಯಬೇಡಿ. ಬೀಜ ಕೊಟ್ಟರೆ ಬೀಜವನ್ನೇ ಪಡೆಯಬೇಕು, ದೀಪ ಹಚ್ಚಿದ ಮೇಲೆ ಕೊಡಬಾರದು, ಕೈಯಿಂದ ಕೈಗೆ ಕೊಡದೆ ಗೆರಸಿಯಲ್ಲಿ, ಅಂದರೆ ಮೊರದಲ್ಲಿ, ಇಟ್ಟು ನೆಲದ ಮೇಲೆ ದೂಡಬೇಕು. ಇಬ್ಬರೂ ಗೆರಸಿ ದೂಡಿ, ಇಬ್ಬರೂ ಗೆರಸಿಯನ್ನೇ ನೋಡುತ್ತಾ ಕೂರುತ್ತಿದ್ದರು. ಅವಳು ಬೇಲಿಯ ದಣಪೆ ದಾಟಿದ ಕೂಡಲೇ ಅತ್ತೆ ಬೀಜವನ್ನು ನೀರಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವಳು. ಅವಳೂ ತನ್ನ ಮನೆಯಲ್ಲಿ ಅದನ್ನೇ ಮಾಡುತ್ತಿದ್ದಿರಬೇಕು.

ನಾನು ಹೋದ ಎರಡನೇ ವರ್ಷ ಅವಳು ಕೊಟ್ಟ ಕೆಂಪು ಹರಿವೆ ಬೀಜ ಬಿತ್ತಿದರೆ ಪಾತಿ ತುಂಬಾ ಮುಳ್ಳುಹರಿವೆ ಎದ್ದಿತು. ಅತ್ತೆ ಬಯ್ಯಲಿಲ್ಲ. ಬಯ್ಯದೆ ಇರುವುದು ಅವಳ ಸ್ವಭಾವವಲ್ಲ, ಆಗಲೇ ನನಗೆ ಸಂಶಯ ಬರಬೇಕಿತ್ತು. ಮುಂದಿನ ಬೇಸಿಗೆಯಲ್ಲಿ ಕೆಳಗಿನ ಮನೆಯವಳು ಮೊಗೆಕಾಯಿ ಬೀಜ ಕೇಳಿ ಬಂದಳು. ಊರಿಗೆಲ್ಲ ಇಲ್ಲ ಎನ್ನುತ್ತಿದ್ದ ಅತ್ತೆ ನಗುತ್ತಾ ಎದ್ದು ಒಳಗೆ ಹೋಗಿ ಮೂರು ಬಿಲ್ಲೆ ತಂದು ಗೆರಸಿಗೆ ಹಾಕಿದಳು. ಅವಳು ಬದಲಿಗೆ ಹೀರೆ ಬೀಜ ಇಟ್ಟು ಹೋದಳು. ನಾನು ಒಲೆಯ ಮುಂದೆ ಕೂತು ನೋಡಿದೆ. ಅತ್ತೆಗೂ ಒಳ್ಳೆಯ ದಿನ ಇರುತ್ತವೆ ಎಂದುಕೊಂಡೆ.

ಆ ಆಷಾಢದಲ್ಲಿ ನಮ್ಮ ಮಾಡು ಸೋರಿತು. ಹೊಸ ಹುಲ್ಲು ಹೊದಿಸಿದ್ದು ಸಾಲದೆ ಅಡುಗೆಮನೆಯ ಗೋಡೆಗೆ ನೀರು ಇಳಿಯಿತು. ನಾನು ಆಗ ಬಾಣಂತಿ, ಕತ್ತಲೆ ಕೋಣೆಯಲ್ಲಿದ್ದೆ. ಅತ್ತೆಯ ಕಾಲು ಬಾತು ಅವಳು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ನನ್ನ ಗಂಡನಿಗೆ ಅನ್ನ ಬೇಯಿಸುವುದು ಗೊತ್ತು, ಗೋಡೆ ನೋಡುವುದು ಗೊತ್ತಿಲ್ಲ. ನಾನು ಎದ್ದು ಬಂದು ನೋಡುವಾಗ ಗೋಡೆಯ ಮೇಲೆ ಬಿಲ್ಲೆಗಳಿಂದ ಬಿಳಿ ಮೊಳಕೆ ಹೊರಟು, ಎರಡೆರಡು ಎಲೆ ಬಿಟ್ಟು, ಹೊಗೆ ತಾಗಿ ಬಾಡಿ ಕೂತಿದ್ದವು. ಗದ್ದೆಯಲ್ಲಿ ಹುಟ್ಟಬೇಕಾದ ಬಳ್ಳಿ ಅಡುಗೆಮನೆಯ ಗೋಡೆಯಲ್ಲಿ ಹುಟ್ಟಿ ಸತ್ತಿತ್ತು. ಒಂದು ಕಾಳೂ ಉಳಿದಿರಲಿಲ್ಲ. ಅಟ್ಟದ ಕಾಯಿಗಳೂ ನನ್ನ ಬಾಣಂತನದ ಗಡಿಬಿಡಿಯಲ್ಲಿ ಬೇಗನೆ ಬೆಂದು ಮುಗಿದಿದ್ದವು.

ಭತ್ತ ಕೊಯ್ದು ಗದ್ದೆ ಖಾಲಿಯಾಯಿತು. ಮಣ್ಣಿನಲ್ಲಿ ಪಸೆ ಇರುವಾಗಲೇ ಬಿತ್ತಬೇಕು. ನಾನು ಅತ್ತೆಗೆ ಹೇಳಿದೆ, "ಕೆಳ್ಗಿನ ಮನೆ ಅಕ್ಕನ ಹತ್ರ ನಮ್ದೇ ಬೀಜ ಅದೆ ಅಲ್ದಾ? ಒಂದು ಬಿಲ್ಲೆ ತಕಂಡು ಬತ್ತೆ."

ಅತ್ತೆ ಅಡಿಕೆ ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಬೇಡ."

"ಎಂತಕ್ಕೆ?"

"ಅವ್ಳ ಮನೆ ಬೀಜ ನಮ್ಗೆ ಬೇಡ."

"ಅವ್ಳ ಮನೇದು ಅಲ್ಲ ಅತ್ತೆ, ನೀವೇ ಕೊಟ್ಟದ್ದು."

"ಅವ್ಳ ಮನೆಗೆ ಹೋದ್ಮೇಲೆ ಅವ್ಳ ಮನೇದೇ. ಭಟ್ಕಳದ ಬೀಬಿ ಹತ್ರ ಅದೆ. ಅಲ್ಲಿಂದ ತರುವ."

ಭಟ್ಕಳದ ಬೀಬಿ ಎಂದರೆ ಅತ್ತೆ ಬೇಸಿಗೆಯಲ್ಲಿ ತರಕಾರಿ ಹೊತ್ತು ಹೋಗುತ್ತಿದ್ದ ಒಂದು ನವಾಯತ ಮುಸಲ್ಮಾನರ ಮನೆಯ ಯಜಮಾನಿ. ಅವಳ ಗಂಡ ಕೊಲಂಬೊದಲ್ಲಿ ಅಂಗಡಿ ಇಟ್ಟವನು. ಮನೆ ತುಂಬಾ ಹೆಂಗಸರೇ. ಗಂಡಸರು ಆ ಹಿತ್ತಿಲಿಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ನನ್ನ ಗಂಡನನ್ನು ಕಳಿಸುವಂತಿಲ್ಲ. ಅತ್ತೆಗೆ ಕಾಲಿಲ್ಲ. ನನ್ನ ಎದೆಯಲ್ಲಿ ಹಸಿಕೂಸು. ತರುವುದು ಯಾರು? ನಾನು ಇಷ್ಟೂ ಹೇಳಿದೆ. ಅವಳು ಅಡಿಕೆ ಬಾಯಿಗೆ ಹಾಕಿಕೊಂಡು, "ನಿನ್ನಿಷ್ಟ. ಆಮೇಲೆ ನನ್ನ ದೂರ್ಬೇಡ" ಎಂದಳು. ಹಳೆಯ ಜಗಳದ ಸಿಟ್ಟು ಎಂದುಕೊಂಡು ನಾನು ಹೊರಟೆ.

ಬರಿಗೈಯಲ್ಲಿ ಹೋಗುವಂತಿಲ್ಲವಲ್ಲ. ಹಿತ್ತಿಲಲ್ಲಿ ಸಾಂಬ್ರಾಣಿ ಸೊಪ್ಪು ಚೆನ್ನಾಗಿ ಹಬ್ಬಿತ್ತು, ಅವಳ ಮನೆಯದು ಮಳೆಗೆ ಕೊಳೆತಿತ್ತು. ಬೇರು ಸಮೇತ ಎರಡು ಗೆಲ್ಲು ಕಿತ್ತೆ. ಅತ್ತೆ ಜಗಲಿಯಿಂದ ಸ್ವರ ಇಳಿಸಿ ಕರೆದಳು. "ಬೇರಿಗೆ ಬಿಸಿ ಗಂಜಿನೀರು ಹೊಯ್ದು ಕೊಡು."

"ಸಾಯ್ತದಲ್ಲ."

"ಇವತ್ತೇ ಸಾಯೂದಿಲ್ಲ. ನಾಲ್ಕು ದಿನ ಬದ್ಕ್ತದೆ."

ನಾನು ಹೊಯ್ಯಲಿಲ್ಲ. ಪಾಪಕ್ಕೆ ಹೆದರಿ ಅಲ್ಲ. ಗೆಲ್ಲು ಸತ್ತರೆ ಅವಳು ಇನ್ನೊಂದು ಕೇಳಲು ನಮ್ಮ ಹಿತ್ತಿಲಿಗೆ ಬರುತ್ತಾಳೆ, ಬಂದವಳು ಇನ್ನೇನೇನು ನೋಡಿಕೊಂಡು ಹೋಗುತ್ತಾಳೋ.

ಕೆಳಗಿನ ಮನೆಯವಳು ಜಗಲಿಯಲ್ಲೇ ಸಿಕ್ಕಳು. "ಎಂತ ತಂಗಿ, ದಾರಿ ತಪ್ಪಿತಾ? ಅತ್ತೆ ಬಿಟ್ಲಾ?" ಎಂದಳು. ನಾನು ಗೋಡೆಯ ಮೇಲೆ ಮೊಳಕೆ ಬಂದ ಸುದ್ದಿ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಸಣ್ಣ ಕಣ್ಣು ಇನ್ನೂ ಸಣ್ಣ ಮಾಡಿ ನನ್ನನ್ನು ನೋಡಿದಳು. "ನಿಮ್ಗೇ ಬೇಕಾ ಆ ಬೀಜ? ನೀನೇ ಬಿತ್ತೂದಾ?"

"ಮತ್ತೆಂತ, ಹುರಿದು ತಿನ್ನೂಕಾ?"

ಆಗ ಅವಳ ಮುಖ ಒಮ್ಮೆಲೇ ಅರಳಿತು. ನಗುತ್ತಾ ಎದ್ದು ಒಳಗೆ ಹೋದಳು, ಒಂದು ಬಿಲ್ಲೆ ತಂದು ಗೆರಸಿಯಲ್ಲಿ ದೂಡಿದಳು. ನಾನು ಸೊಪ್ಪಿನ ಗೆಲ್ಲು ಇಟ್ಟೆ. ಅವಳು ಬೇರನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಗಂಜಿಯ ವಾಸನೆ ನೋಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಇವಳೂ ಅದನ್ನು ಮಾಡಿದವಳೇ.

ಮನೆಗೆ ಬಂದು ನೀರಿಗೆ ಹಾಕಿದೆ, ಮುಳುಗಿತು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಬದಿಗಿಟ್ಟೆ, ಎಲ್ಲ ಮೊಳೆಯಿತು. ಅಷ್ಟು ಚೆನ್ನಾಗಿ ಮೊಳೆತದ್ದೇ ನನಗೆ ಸರಿಕಾಣಲಿಲ್ಲ. ಆದರೂ ಬಿತ್ತಿದೆ. ಕೂಸನ್ನು ಹಲಸಿನ ಮರದ ಕೊಂಬೆಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಹಾಕಿ ನಾನೂ ಗಂಡನೂ ಕೊಡ ಹೊತ್ತೆವು. ಅತ್ತೆಯ ಕಾಲು ಅಷ್ಟರಲ್ಲಿ ನೆಟ್ಟಗಾಗಿತ್ತು. ಬೇರೆ ವರ್ಷ ದಿನಾ ಬಳ್ಳಿಯ ತುದಿ ಎತ್ತಿ ನೋಡುವವಳು ಆ ವರ್ಷ ಗದ್ದೆಯ ಕಡೆ ತಲೆ ಹಾಕಲಿಲ್ಲ.

ಕಾಯಿ ಬಿಟ್ಟಿತು, ದಪ್ಪವಾಯಿತು. ಗೆರೆ ಮಸುಕಾಗಿತ್ತು, ಕೆಲವಕ್ಕೆ ಗೆರೆಯೇ ಇಲ್ಲ. ಮಣ್ಣಿನ ದೋಷ ಎಂದು ಗಂಡ ಹೇಳಿದ. ಬಿಸಿಲು ಏರಿದ ಒಂದು ಬೆಳಿಗ್ಗೆ ಗದ್ದೆಗೆ ಇಳಿಯುತ್ತಿದ್ದಂತೆ ಸಿಹಿ ವಾಸನೆ ಬಂತು. ಮೊಗೆಕಾಯಿಗೆ ವಾಸನೆ ಇರುವುದಿಲ್ಲ. ನೋಡಿದರೆ ಒಂದು ಕಾಯಿ ಬಾಯಿ ಬಿಟ್ಟು ಕೂತಿದೆ, ಮೇಲೆ ನೊಣ. ಅದರಾಚೆ ಇನ್ನೊಂದು. ಸಂಜೆ ಹೊತ್ತಿಗೆ ಮತ್ತೆ ನಾಲ್ಕಾರು. ಗಟ್ಟಿ ಕಂಡವನ್ನು ಆರಿಸಿ ಅಟ್ಟಕ್ಕೆ ಕಟ್ಟಿದೆ. ಅವು ಅಲ್ಲಿಂದಲೇ ಒಡೆದು ಕೆಳಗೆ ಮಲಗಿದ ನನ್ನ ಗಂಡನ ಮೈಮೇಲೆ ಸೋರಿದವು. ಎಮ್ಮೆ ಆ ವರ್ಷ ದಪ್ಪವಾಯಿತು.

ಕೆಳಗಿನ ಮನೆಯವಳು ಮೋಸ ಮಾಡಿದಳು ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಒಳ್ಳೆಯದನ್ನು ಇಟ್ಟುಕೊಂಡು ಯಾವುದೋ ಒಡೆದ ಕಾಯಿಯ ಬೀಜ ನನಗೆ ತಳ್ಳಿದ್ದಾಳೆ. ಹಾಗಾದರೆ ಅವಳ ಅಟ್ಟದಲ್ಲಿ ನಮ್ಮ ಗೆರೆಯ ಕಾಯಿ ತೂಗುತ್ತಿರಬೇಕು. ಅದನ್ನು ಕಣ್ಣಲ್ಲಿ ನೋಡಬೇಕಿತ್ತು. ನೋಡಿದ ಮೇಲೆ ಒಂದು ಕಾಯಿ ಬೀಜಕ್ಕೆಂದು ಕಿತ್ತು ತರುವುದೇ, ಅವಳು ಕೊಟ್ಟರೂ ಸರಿ, ಕೊಡದಿದ್ದರೂ ಸರಿ ಎಂದು ತೀರ್ಮಾನಿಸಿದೆ. ಬೀಜ ಇಲ್ಲದೆ ಹೋದರೆ ಮುಂದಿನ ವರ್ಷವೂ ಇದೇ ಗತಿ. ಆಮೇಲೆ ನಮ್ಮ ಮನೆಗೆ ಮೊಗೆಕಾಯಿಯೇ ಇಲ್ಲ.

ಮೊಸರಿಗೆ ಹೆಪ್ಪು ಬೇಕೆಂಬ ನೆಪದಲ್ಲಿ ಹೋದೆ. ಅವಳು ಬಾಗಿಲಿಗೆ ಅಡ್ಡ ನಿಂತು ಹೆಪ್ಪನ್ನು ಅಲ್ಲಿಗೇ ತಂದುಕೊಟ್ಟಳು. ಮತ್ತೊಂದು ದಿನ ಕೆಂಡ ಕೇಳಿದೆ. ಅದೂ ಜಗಲಿಗೇ ಬಂತು. ಒಳಗೆ ಬಿಡುತ್ತಿಲ್ಲ ಎಂದರೆ ಒಳಗೆ ಇದೆ ಎಂದೇ ಅರ್ಥ. ಮೂರನೇ ಸಲ ಅವಳು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿ ಹಿತ್ತಿಲ ಬಾಗಿಲಿನಿಂದ ನುಗ್ಗಿದೆ.

ಜಂತಿಯಲ್ಲಿ ಬಾಳೆನಾರಿನ ಕುಣಿಕೆಗಳು ಸಾಲಾಗಿ ತೂಗುತ್ತಿದ್ದವು. ಎಲ್ಲ ಖಾಲಿ. ಒಂದರಲ್ಲಿ ಮಾತ್ರ ಒಂದು ಕಾಯಿ, ಅದೂ ಸೀಳಿ ಕಪ್ಪಾಗಿತ್ತು. ಕೆಳಗೆ ನೆಲದ ಮೇಲೆ ರಸ ಒಣಗಿದ ಕಲೆ, ನಮ್ಮ ಮನೆಯಲ್ಲಿದ್ದಂಥದ್ದೇ.

"ಸಮಾ ನೋಡ್ಕೊಂಡ್ಯಾ? ಏಣಿ ಬೇಕಾ?"

ಅವಳು ಒದ್ದೆ ಸೀರೆ ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದಳು. ನಾನು ಸೀಳಿದ ಕಾಯಿಯ ಕಡೆ ಕೈ ತೋರಿಸಿದೆ. "ಅಕ್ಕ, ನೀವು ಒಡೆದ ಕಾಯಿ ಬೀಜ ಕೊಟ್ರಿ" ಎಂದೆ.

"ನಾನಾ? ನಾ ಕೊಟ್ಟದ್ದು ಯಾರದ್ದು? ನಿನ್ನತ್ತೆ ಕೊಟ್ಟದ್ದು." ಅವಳು ನನ್ನ ಕೈ ಹಿಡಿದು ಒಲೆಯ ಹಿಂದಿನ ಗೋಡೆಗೆ ಎಳೆದುಕೊಂಡು ಹೋದಳು. ಅಲ್ಲಿ ಒಂದು ಬಿಲ್ಲೆ ಉಳಿದಿತ್ತು. ನಡುವೆ ಸೊಟ್ಟ ಹೆಬ್ಬೆರಳಿನ ಗುರುತು. "ಮೂರು ಕೊಟ್ಲು. ಒಂದು ನಿಂಗೆ, ಒಂದು ಗದ್ದೆಗೆ, ಒಂದು ಇಲ್ಲಿ. ಕಿತ್ಕೊಂಡು ಹೋಗಿ ತೋರ್ಸು ನಿನ್ನತ್ತೆಗೆ."

"ಒಳ್ಳೇದಲ್ಲ ಅಂತ ಗೊತ್ತಿದ್ರೆ ನಂಗೆಂತಕ್ಕೆ ಕೊಟ್ರಿ?"

"ಗೊತ್ತೆಲ್ಲಿತ್ತು? ಅನುಮಾನ ಇತ್ತು. ಊರಿಗೆ ಕೊಡದವ್ಳು ನಂಗೆ ನಗ್ತಾ ಮೂರು ಬಿಲ್ಲೆ ಕೊಡ್ತಾಳಾ? ನಾ ಬಿತ್ತೂದಿಲ್ಲ ಅಂತಲೇ ಇದ್ದೆ. ನೀ ಬಂದೆ. ಮನೆ ಸೊಸೆಯೇ ಕೇಳ್ತಾಳೆ ಅಂದ್ರೆ ಬೀಜ ಒಳ್ಳೇದೇ ಅಂತ ಧೈರ್ಯ ಬಂತು, ಬಿತ್ತಿದೆ. ನಿನ್ನಿಂದ ಹಾಳಾದೆ ನಾನು."

"ನನ್ನ ಎಂತಕ್ಕೆ ಒಳಗೆ ಬಿಡ್ಲಿಲ್ಲ ಹಂಗಾರೆ?"

"ನೀ ನೋಡಿ ನಗೂಕೆ ಬಂದದ್ದು ಅಂತ. ಅತ್ತೆ ಕಳ್ಸಿದ್ದು ಅಂತ."

ಅವಳು ಸುಳ್ಳು ಹೇಳುತ್ತಿದ್ದಾಳೆ ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಒಂದು ಹಿಡಿದುಕೊಂಡೆ. "ಹರಿವೆ ಬೀಜ ಅಂತ ಮುಳ್ಳುಹರಿವೆ ಕೊಟ್ಟದ್ದು ನೀವೇ ಅಲ್ದಾ ಮೊದ್ಲು?"

"ಮುಳ್ಳುಹರಿವೆ ನಿಮ್ಮ ಗೊಬ್ಬರದ ಗುಂಡಿಯಿಂದ ಬಂದದ್ದು. ನಾ ಕೊಟ್ಟ ಬೀಜ ನಿಮ್ಮ ಕೋಳಿ ತಿಂತು. ಪಾತಿಗೆ ಬೇಲಿ ಹಾಕೂಕೆ ಬರೂದಿಲ್ಲ, ಊರವ್ರನ್ನ ದೂರೂದು."

ನಮ್ಮ ಕೋಳಿ ಪಾತಿ ಕೆದಕಿದ್ದು ನಿಜ. ಬೀಜ ತಿಂದದ್ದು ನಿಜವೋ ಅಲ್ಲವೋ ಕೋಳಿಗೇ ಗೊತ್ತು. ನಾನು ಬಿಲ್ಲೆ ಕಿತ್ತುಕೊಂಡು ಮನೆಗೆ ಬಂದೆ.

ಅತ್ತೆಯ ಮುಂದೆ ಇಟ್ಟೆ. ಅವಳು ಅದನ್ನು ನೋಡಿದಳು, ತನ್ನ ಹೆಬ್ಬೆರಳು ನೋಡಿದಳು. "ಅತ್ತೆ, ಇದು ಎಮ್ಮೆಗೆ ಹಾಕ್ಬೇಕಾದ ಕಾಯಿ ಬೀಜ ಅಲ್ದಾ?" ಎಂದೆ.

"ನಾ ಬೇಡ ಅಂದಿದ್ದೆ ಅಲ್ದಾ?" ಎಂದಳು.

ಅಷ್ಟೇ. ಆಮೇಲೆ ಹನ್ನೆರಡು ವರ್ಷ ಬದುಕಿದಳು. ನಾನು ಎಷ್ಟು ಸಲ ಕೆದಕಿದರೂ ಉತ್ತರ ಅದೊಂದೇ. ಬೆಳೆ ಹಾಳಾಗುವುದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬಿಟ್ಟರೆ ತಾನು ಕೊಟ್ಟದ್ದು ಒಪ್ಪಿಕೊಳ್ಳಬೇಕಲ್ಲ. ಮೊಮ್ಮಗನ ತೊಟ್ಟಿಲನ್ನು ಮರಕ್ಕೆ ಕಟ್ಟಿ ಸೊಸೆ ನೀರು ಹೊತ್ತರೂ ಸರಿ, ಅದು ಮಾತ್ರ ಆಗದು. ಅವಳನ್ನು ನಾನು ಕ್ಷಮಿಸಿದೆನೋ ಇಲ್ಲವೋ ಯೋಚಿಸಿಲ್ಲ. ಅಷ್ಟು ಪುರುಸೊತ್ತು ಇರಲಿಲ್ಲ.

ಆ ಮಳೆಗಾಲ ಎರಡು ಮನೆಯವರೂ ಕೆಸು ತಿಂದೆವು. ಕೆಸುವಿನ ಎಲೆ, ಕೆಸುವಿನ ದಂಟು, ಹಲಸಿನ ಬೀಜ, ಒಣಮೀನು, ಮತ್ತೆ ಕೆಸು. ಗಂಟಲು ತುರಿಸಿ ನನ್ನ ಗಂಡ ಊಟಕ್ಕೆ ಕೂರುವ ಮೊದಲೇ ಕೆಮ್ಮಲು ಶುರುಮಾಡುತ್ತಿದ್ದ. ಅತ್ತೆಗೂ ಅದೇ ಬಡಿಸಿದೆ, ಹುಣಿಸೆ ಕಡಿಮೆ ಹಾಕಿ. ಅವಳು ಎಲೆಯಲ್ಲಿ ಏನೂ ಬಿಡದೆ ತಿಂದಳು. ಗದ್ದೆ ನಾಟಿಯ ಹೊತ್ತಿಗೆ ಅಕ್ಕಪಕ್ಕದ ಸಾಲಿನಲ್ಲಿ ಬಗ್ಗಿದ್ದಾಗ ಕೆಳಗಿನ ಮನೆಯವಳು ತಲೆ ಎತ್ತದೆ ಕೇಳಿದಳು, "ಭಟ್ಕಳದ ಬೀಬಿ ಹತ್ರ ಅದೆ ಅಂತಾರಲ್ಲ, ಹೌದಾ?"

"ಅದೆ ಅಂತಾರೆ."

"ಯಾವಾಗ ಹೋಗೂದು?"

"ನಾ ಹೋಗಿ ತತ್ತೆ, ನಿಮ್ಗೂ ಕೊಡ್ತೆ" ಎಂದೆ.

ಅವಳು ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡು ನನ್ನನ್ನು ನೋಡಿದಳು. "ಒಬ್ಳೇ ಹೋಗೂದು ಬೇಡ ಮಾರಾಯ್ತಿ. ನಾನೂ ಬತ್ತೆ."

ಚೌತಿ ಕಳೆದ ಮೇಲೆ ಇಬ್ಬರೂ ಸರ್ವಿಸ್ ಬಸ್ಸು ಹತ್ತಿದೆವು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟೆ, ಅದಕ್ಕಾದರೂ ಅವಳು ಆಗಲಿ ಎಂದು. ಕೆಳಗಿನ ಮನೆಯವಳ ಸೆರಗಿನಲ್ಲಿ ಹರಿವೆ ಬೀಜದ ಗಂಟು, ನನ್ನ ಚೀಲದಲ್ಲಿ ಕಾಮಕಸ್ತೂರಿಯ ಸಸಿ. ದಾರಿಯುದ್ದಕ್ಕೂ ಅವಳ ಗಂಟಿನಲ್ಲಿರುವುದು ಹರಿವೆಯೋ ಮುಳ್ಳುಹರಿವೆಯೋ ಎಂದು ನಾನು ಯೋಚಿಸುತ್ತಿದ್ದೆ.

ಬೀಬಿಯ ಮನೆ ಉದ್ದಕ್ಕೆ ಒಂದರ ಹಿಂದೊಂದು ಕೋಣೆ. ಹಿಂದಿನ ಬಾಗಿಲಿಂದ ಕರೆದರು. ಹಿತ್ತಿಲಲ್ಲಿ ಎತ್ತರದ ಗೋಡೆ, ಬಾವಿ, ಪುದಿನದ ಪಾತಿ, ಚಪ್ಪರ. ನಾನು ಅತ್ತೆಯ ಸೊಸೆ ಎಂದು ನನಗೆ ಬರುವಷ್ಟು ಕೊಂಕಣಿಯಲ್ಲಿ ಹೇಳಿದೆ. ಬೀಬಿ ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿ ಕನ್ನಡದಲ್ಲೇ ಹೇಳಿದಳು, "ಅವ್ಳು ಬರ್ಲಿಲ್ಲ ಯಾಕೆ? ಬೀಜ ಅವ್ಳದ್ದೇ ಉಂಟಲ್ಲ, ನನ್ನ ಹತ್ರ ಕೇಳ್ತಾಳೆ?"

ನಾನು ಗೋಡೆ ಸೋರಿದ್ದು ಹೇಳಿದೆ. ಉಳಿದದ್ದು ಹೇಳಲಿಲ್ಲ. ಕೆಳಗಿನ ಮನೆಯವಳು ಎಲ್ಲ ಹೇಳಿದಳು. ಬೀಬಿ ಕೇಳಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನ ಕೋಣೆಯ ಹೆಂಗಸರಿಗೆ ಅವರ ಮಾತಿನಲ್ಲಿ ಕೂಗಿ ಹೇಳಿದಳು, ಅವರೂ ನಕ್ಕರು. "ನಿಮ್ಮತ್ತೆ ಹತ್ರ ನಾನು ಯಾವತ್ತೂ ಬೀಜ ತಗೊಳ್ಳಿಲ್ಲ. ಸಗಣಿ ಒಳಗೆ ಏನುಂಟು ಯಾರಿಗೆ ಗೊತ್ತು? ಕಾಯಿ ಕೊಡು ಅಂತೇನೆ. ಇಡೀ ಕಾಯಿ. ಮಳೆ ಮುಗಿದ ಮೇಲೆ ಕೆಡದೆ ಉಳಿದದ್ದು. ಅದನ್ನ ಕಡಿದು, ತಿಂದು, ಆಮೇಲೆ ಬೀಜ."

ಅವಳ ಅಡುಗೆಮನೆಯ ಮೂಲೆಯಲ್ಲಿ ಕಾಯಿಗಳು ತೂಗುತ್ತಿದ್ದವು. ಹಸಿರು ಗೆರೆ ಹಳದಿಗೆ ತಿರುಗಿತ್ತು. ಬೆರಳಲ್ಲಿ ಬಡಿದೆ, ಗಟ್ಟಿ ಸದ್ದು. ನಮ್ಮ ಮನೆಯದೇ. ನಾನು ಅಳಲಿಲ್ಲ, ಆದರೆ ಎರಡು ಸಲ ಬಡಿದೆ. ಬೀಬಿಗೆ ಒಂದು ಬೀಜಕ್ಕೆ ಬೇಕಿತ್ತು, ಒಂದು ಮಗಳ ಮನೆಗೆ. ನಮಗೆ ಒಂದೇ ಕೊಟ್ಟಳು. ಅದೂ ಹರಿವೆ ಬೀಜವನ್ನು ಹಲ್ಲಿನಲ್ಲಿ ಕಡಿದು ನೋಡಿ, ಕಾಮಕಸ್ತೂರಿಯ ಬೇರಿನ ಮಣ್ಣು ಉದುರಿಸಿ ನೋಡಿದ ಮೇಲೆ. ಅವಳು ನಗದೆ ಕೊಟ್ಟಳು. ಹಾಗಾಗಿ ನನಗೆ ಸಮಾಧಾನ ಆಯಿತು.

ಇಬ್ಬರಿಗೆ ಒಂದು ಕಾಯಿ. ಬಸ್ಸಿನಲ್ಲಿ ಶಿರಾಲಿವರೆಗೆ ನನ್ನ ತೊಡೆಯ ಮೇಲೆ, ಅಲ್ಲಿಂದ ಮುಂದೆ ಅವಳ ತೊಡೆಯ ಮೇಲೆ ಎಂದು ಮಾತಾಯಿತು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿದಳು. ಸೆರಗು ತೆಗೆಯಿರಿ ಎಂದೆ. ತೆಗೆದಳು.

ಯಾರ ಮನೆಯಲ್ಲಿ ಕತ್ತರಿಸುವುದು ಎಂದು ಮತ್ತೆ ಜಗಳ. ಅವಳ ಅಡುಗೆಮನೆ ನನಗಾಗದು, ನನ್ನ ಅತ್ತೆ ಇರುವಲ್ಲಿ ಅವಳಿಗಾಗದು. ಎರಡು ಗದ್ದೆಯ ನಡುವಿನ ಹಾಳಿಯ ಮೇಲೆ ಬಾಳೆಲೆ ಹಾಸಿ ಕೂತೆವು. ನಾನು ಕತ್ತಿ ಹಾಕಿದೆ. ಒಳಗೆ ಬೆಳ್ಳಗೆ, ಗಟ್ಟಿ. ಒಂದೊಂದು ಚೂರು ಬಾಯಿಗೆ ಹಾಕಿಕೊಂಡೆವು. ಸ್ವಲ್ಪ ಹುಳಿ, ಉಳಿದದ್ದು ಸಪ್ಪೆ, ಇಬ್ಬುಡ್ಲದ ಸಿಹಿ ಎಲ್ಲೂ ಇಲ್ಲ. ಅವಳು ತಲೆ ಆಡಿಸಿದಳು. "ಇದು ಹೌದು."

ಬೀಜ ತೆಗೆದು ಎಲೆಯ ಮೇಲೆ ರಾಶಿ ಮಾಡಿದೆವು. "ನೀ ಪಾಲು ಮಾಡು, ನಾ ಆರ್ಸ್ತೆ" ಎಂದಳು. ಹಾಗೆ ಮಾಡಿದರೆ ಯಾರಿಗೂ ಮೋಸ ಮಾಡಲು ಬರುವುದಿಲ್ಲ. ನಾನು ಒಂದೊಂದೇ ಕಾಳು ಬೆರಳಲ್ಲಿ ಸರಿಸಿ, ಸಣ್ಣದಕ್ಕೆ ಸಣ್ಣದು, ದಪ್ಪದಕ್ಕೆ ದಪ್ಪದು ಹಾಕಿ ಎರಡು ರಾಶಿ ಮಾಡಿದೆ. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು. ಬಲಗಡೆಯದಕ್ಕೆ ಕೈ ಚಾಚಿದಳು. ನನ್ನ ಮುಖ ನೋಡಿದಳು. ಆಮೇಲೆ ಕೈ ಹಿಂದೆಗೆದು ಎಡಗಡೆಯ ರಾಶಿಯನ್ನು ಎಲೆ ಸಮೇತ ಮಡಿಸಿ ಎದ್ದಳು.

ಆ ವರ್ಷದಿಂದ ಆಚೆ ನಾವಿಬ್ಬರೂ ಬಿಲ್ಲೆ ಕೊಡುವುದು, ಪಡೆಯುವುದು ಬಿಟ್ಟೆವು. ಪ್ರತಿ ಚೌತಿ ಕಳೆದ ಮೇಲೆ ಯಾರ ಅಟ್ಟದಲ್ಲಿ ಕೊನೆಯ ಕಾಯಿ ಉಳಿದಿರುತ್ತದೋ ಅದನ್ನು ಹಾಳಿಯ ಮೇಲೆ ಕತ್ತರಿಸಿ, ತಿಂದು, ಹೀಗೆಯೇ ಪಾಲು. ಒಮ್ಮೆಯೂ ಬಳ್ಳಿ ಕೆಡಲಿಲ್ಲ. ಅವಳು ಸಾಯುವವರೆಗೆ ಹೀಗೇ ನಡೆಯಿತು, ಅವಳು ಸಾಯುವವರೆಗೆ ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

ಆ ಮೊದಲ ದಿನ ಎರಡೂ ರಾಶಿ ಸಮ ಇದ್ದವು, ನಾನೇ ಮಾಡಿದ್ದು. ಮತ್ತೆ ಬಲಗಡೆಯದನ್ನು ಬಿಟ್ಟು ಎಡಗಡೆಯದನ್ನು ಯಾಕೆ ತೆಗೆದುಕೊಂಡಳು ಎಂಬುದು ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಅದರಲ್ಲಿ ಅವಳಿಗೆ ಏನೋ ಕಂಡಿರಬೇಕು.